ನಲವತ್ತೇಳನೆಯ ಕೊಕ್ಕೆ

ಶಾಲೆಯ ಗೋಡೆಯ ಮೇಲೆ ನಮ್ಮ ನಾಲ್ವರ ಫೋಟೊ.
‘ಮನಸ್ಸಿಗೆ ಭಾರವೆನಿಸಿದರೆ ಇವರೊಡನೆ ಮಾತಾಡಿ’ –
ಕಝಕ್, ರಷ್ಯನ್, ಇಂಗ್ಲಿಷ್, ಮೂರರಲ್ಲೂ.
ಮೂರನೆಯವಳು ನಾನು, ಹಲ್ಲು ಕಾಣುವಷ್ಟು ನಗುತ್ತಿದ್ದೇನೆ.
ನನ್ನ ಕೋಣೆಯಲ್ಲಿ ಮೆತ್ತನೆ ಕುರ್ಚಿ, ಟಿಶ್ಯೂ ಡಬ್ಬಿ,
ಖುಷಿ, ಬೇಜಾರು, ಕೋಪದ ದುಂಡು ಮುಖಗಳ ಚಾರ್ಟು.
ಹನ್ನೊಂದು ದಿನ ಸಂಜಾರ್ ಆ ಬಾಗಿಲ ಮುಂದೆಯೇ ಹಾದುಹೋದ.
ನಾನು ಕೈಬೀಸಿದೆ. ಅವನೂ ಬೀಸಿದ.
ಮರ್ಯಾದಸ್ಥ ಹುಡುಗ, ಎಂದುಕೊಂಡೆ.

ಜೌರೇಶಳ ಫೋಟೊ ಗೋಡೆಯ ಮೇಲಿಲ್ಲ.
ಅವಳು ಕೆಳಗೆ, ಕೋಟು ತೂಗುಹಾಕುವ ಕಟ್ಟೆಯ ಹಿಂದೆ,
ಅಲ್ಮಾಟಿಯ ಹಿಮವನ್ನೆಲ್ಲ ಒದರಿ ಒಳಬರುವ
ಇನ್ನೂರ ಮೂವತ್ತು ಮಕ್ಕಳ ತೋಳು, ಕಾಲರು, ಜೇಬು ಬಲ್ಲವಳು.
ಮೊದಲು ಒಪೆರಾ ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ
ನರಿತುಪ್ಪಳದ ಕೋಟುಗಳನ್ನು ಕಾದವಳು:
‘ಜನಕ್ಕೆ ಸುಳ್ಳು ಬರುತ್ತೆ, ಅಸ್ತರಿಗೆ ಬರಲ್ಲ’ ಅನ್ನುವವಳು.
ಯಾರ ಗುಂಡಿ ಅಜ್ಜಿ ಹೊಲಿದದ್ದು, ಯಾರದು ಡ್ರೈವರು,
ಯಾವ ರಾಯಭಾರಿಯ ಮಗಳ ಜೇಬಲ್ಲಿ
ನಿನ್ನೆಯ ರೊಟ್ಟಿ ಮುಟ್ಟದೆ ಹಾಗೇ ಇದೆ –
ಅವಳಿಗೆ ಗೊತ್ತು.

ಒಳಗೆ ಹೀಟರು ಬುಸುಗುಡುತ್ತಿತ್ತು. ಸಂಜಾರ್ ಕೋಟು ಬಿಚ್ಚಲಿಲ್ಲ.
ಮೊದಲ ದಿನ ‘ಚಳಿ’ ಎಂದ. ಮೂರನೆಯ ದಿನ ‘ನೆಗಡಿ’.
ಐದನೆಯ ದಿನ ಹಣೆಯಿಂದ ಬೆವರಿಳಿಯುತ್ತಿತ್ತು,
ಏನೂ ಅನ್ನಲಿಲ್ಲ.
ಜೌರೇಶ್ ಕೇಳಲೂ ಇಲ್ಲ.
ಅವನ ಕೊಕ್ಕೆಯನ್ನು ಮಾತ್ರ ದಿನಾ ಖಾಲಿ ಇಟ್ಟಳು,
ದಿನಾ ಹಿತ್ತಾಳೆಯ ಬಿಲ್ಲೆ ಅವನ ಅಂಗೈಗಿಟ್ಟಳು: ನಲವತ್ತೇಳು.
‘ನಾನು ಕೋಟೇ ಕೊಟ್ಟಿಲ್ಲವಲ್ಲ?’
‘ನಾನು ಕೊಕ್ಕೆ ಕೊಟ್ಟಿದ್ದೇನಲ್ಲ. ಬೇಕೆನಿಸಿದಾಗ ಬಾ.’

ಹನ್ನೆರಡನೆಯ ದಿನ, ಗಣಿತದ ಪಿರಿಯಡ್ಡಿನ ನಡುವೆ, ಬಂದ.
ಬಿಲ್ಲೆ ಕಟ್ಟೆಯ ಮೇಲಿಟ್ಟ. ಕೋಟು ಬಿಚ್ಚಿದ.

(ಇಲ್ಲಿ ಒಂದು ಸಾಲು ಬಿಡುತ್ತಿದ್ದೇನೆ.
ಅದು ಕಡತದಲ್ಲಿದೆ, ಬೀಗದೊಳಗೆ. ಅಲ್ಲೇ ಇರಲಿ.
ಕವಿತೆಗೆ ಅದರ ಮೇಲೆ ಹಕ್ಕಿಲ್ಲ.)

‘ಆಪಾ, ಯಾರಿಗೂ ಹೇಳಬೇಡ.’

ಆಗಸ್ಟಿನ ತರಬೇತಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ,
ಕಡೆಯ ಸಾಲಲ್ಲಿ ಅವಳು ತೂಕಡಿಸುತ್ತಿದ್ದಳೆಂದೇ ನನ್ನ ನಂಬಿಕೆ:
ಗುಟ್ಟು ಕಾಯುತ್ತೇನೆಂದು ಮಾತು ಕೊಡಬೇಡಿ,
ಕೆದಕಿ ಕೇಳಬೇಡಿ, ಬೆಚ್ಚಿದ್ದನ್ನು ತೋರಗೊಡಬೇಡಿ.
ಅವಳು ಬಿಲ್ಲೆಯನ್ನು ಅವನತ್ತ ಮೆಲ್ಲಗೆ ತಳ್ಳಿ ಹೇಳಿದ್ದಿಷ್ಟು –
‘ನೋಡು ಮರಿ, ಇಷ್ಟು ದೊಡ್ಡ ಕೋಟನ್ನ
ನನ್ನ ಏಪ್ರನ್ ಜೇಬಲ್ಲಿ ಬಚ್ಚಿಡೋಕಾಗಲ್ಲ.
ತೂಗುಹಾಕಲೇಬೇಕು, ಮೇಲಿನ ಮಹಡಿಯ ಆ ಒಬ್ಬಳು ನೋಡೋ ಹಾಗೆ.
ಊರೆಲ್ಲ ನೋಡೋ ಹಾಗಲ್ಲ.
ಬಿಲ್ಲೆ ನಿನ್ನ ಹತ್ತಿರವೇ ಇರುತ್ತೆ. ನಿನ್ನದು ನಿನ್ನದೇ.’

ಮೆಟ್ಟಿಲೇರಿ ಬಂದರು. ಅವಳ ಮಂಡಿ ಲಟಲಟ ಎನ್ನುತ್ತಿತ್ತು.
ನನ್ನ ಮೆತ್ತನೆ ಕುರ್ಚಿಯಲ್ಲಿ ಅವನು ಕೂರಲಿಲ್ಲ;
ಅವಳು ಕೂತಳು, ಅವನು ಒರಗಿ ನಿಂತ.
ಫಾರಂ ತೆಗೆದೆ. ‘ಮಗುವಿನ ಮಾತು, ಮಗು ಹೇಳಿದ ಹಾಗೆಯೇ’.
ಬರೆದೆ. ಎಲ್ಲೂ ತಿದ್ದಲಿಲ್ಲ.
ದಿನಾಂಕ, ಹೊತ್ತು, ‘ಮೊದಲು ಗಮನಿಸಿದವರು’ –
ಅಲ್ಲಿ ಪೆನ್ನು ತಡೆಯಿತು.
ಕೈಬೀಸಿದ ಹನ್ನೊಂದು ದಿನ ಸಾಲಾಗಿ ಬಂದು ನಿಂತವು.
ಅವಳ ಪೂರ್ತಿ ಹೆಸರು ಗೊತ್ತಿರಲಿಲ್ಲ ನನಗೆ. ಕೇಳಬೇಕಾಯಿತು.

ಆಮೇಲೆ ಆದದ್ದೆಲ್ಲ ನಿಧಾನ, ಅರ್ಧಂಬರ್ಧ:
ಫೋನುಗಳು, ಬಾಗಿಲು ಮುಚ್ಚಿದ ಸಭೆಗಳು,
ಸರ್ಕಾರಿ ಕಚೇರಿಯಿಂದ ಬಂದ ಇಬ್ಬರು ಹೆಂಗಸರು,
ಊರಿನ ಆ ತುದಿಯಲ್ಲಿ ಒಂಟಿ ಚಿಕ್ಕಮ್ಮನ ಮನೆ.
ಕೆಲವು ರಾತ್ರಿ ಅವನಿಗೆ ನಿದ್ದೆ ಬರುತ್ತದಂತೆ.
ಕೆಲವು.

ಈಗ ಏಪ್ರಿಲ್. ಬೆಟ್ಟದ ಹಿಮ ಕರಗಿ
ರಸ್ತೆ ಬದಿಯ ಕಾಲುವೆಗಳಲ್ಲಿ ಗಡಬಡಿಸುತ್ತಿದೆ.
ಕೊಕ್ಕೆಗಳು ಬರಿದು. ಬಿಲ್ಲೆಗಳ ಲೆಕ್ಕ ನಡೆದಿದೆ.
ಕಳೆದುಹೋದ ಬಿಲ್ಲೆಗೆ ಐನೂರು ತೆಂಗೆ ದಂಡ, ಹಳೆಯ ನಿಯಮ.
ನಲವತ್ತೇಳರ ಎದುರು ಜೌರೇಶ್ ಬರೆದಿದ್ದಾಳೆ,
ಮೊಂಡು ಪೆನ್ಸಿಲಿನಲ್ಲಿ:
ಕಳೆದಿಲ್ಲ. ಹುಡುಗನ ಹತ್ತಿರ ಇದೆ.